ಅದೊಂದೇ ಚಾಪೆ ತೊಳೆದದ್ದು

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಬಂಡೆಮ್ಮನಿಗೆ ದಮ್ಮಿನ ಕಾಯಿಲೆ. ಕಮಲಾಪುರದಿಂದ ಮೊದಲ ಬಸ್ಸಿಗೆ ಕಲಬುರಗಿಗೆ ಬಂದು, ಜೇವರ್ಗಿ ಕಾಲೋನಿಯ ನಮ್ಮ ಮನೆ ಮುಟ್ಟುವಷ್ಟರಲ್ಲಿ ಏದುಸಿರು. ಡಾಕ್ಟರು ಔಷಧಿಯ ಪಂಪ್ ಕೊಟ್ಟು, ಅದರ ಜೊತೆಗೆ ಉಸಿರಾಟದ ಅಭ್ಯಾಸವನ್ನೂ ಕಲಿಯಿರಿ ಎಂದಿದ್ದರು.

ಕಲಿಸುವವರು ಮನೆಯಲ್ಲೇ ಇದ್ದರಲ್ಲ! ನಮ್ಮವರು, ಪವಮಾನ, ಹದಿನೈದು ವರ್ಷದಿಂದ ಯೋಗ ಮಾಡುವವರು. ದಿನಾ ಬೆಳಿಗ್ಗೆ ನಮ್ಮ ಮಾಳಿಗೆಯ ಮೇಲೆ ಮೂವತ್ತು ಜನಕ್ಕೆ ಪುಕ್ಕಟೆ ಕಲಿಸುತ್ತಾರೆ. ಹತ್ತು ನಿಮಿಷ ತಲೆ ಕೆಳಗೆ ಮಾಡಿ ನಿಲ್ಲುತ್ತಾರೆ. ಅದನ್ನು ಹೇಳಿಕೊಂಡು ನಾನೂ ಬೀಗುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ನಾನೇ ಬಂಡೆಮ್ಮನನ್ನು ಕರೆದು ಕೊನೆಯ ಸಾಲಿನಲ್ಲಿ ಚಾಪೆ ಹಾಸಿಕೊಟ್ಟೆ. ಮೂರು ದಿನ ಕಣ್ಣು ಮುಚ್ಚಿ ಉಸಿರು ಎಳೆದು ಬಿಟ್ಟರು. ಎದೆ ಸ್ವಲ್ಪ ಹಗುರಾಗಿದೆ ಎಂದು ಖುಷಿಯಿಂದ ಹೇಳಿದರು. ನಾಲ್ಕನೆಯ ದಿನ ಎಲ್ಲರೂ ಎದ್ದು ಹೋದ ಮೇಲೆ ಅವರು ಕಸ ಗುಡಿಸಲು ಮಾಳಿಗೆ ಹತ್ತಿದರು. ನಾನೂ ಹಿಂದೆಯೇ ಇದ್ದೆ. ನಮ್ಮವರು ಬಕೆಟ್ಟಿನಲ್ಲಿ ಒಂದೇ ಒಂದು ಚಾಪೆ ಅದ್ದಿ ತೊಳೆಯುತ್ತಿದ್ದರು. ಅದು ಬಂಡೆಮ್ಮ ಕೂತಿದ್ದ ಚಾಪೆ. ಉಳಿದವನ್ನು ಹಾಗೇ ಸುತ್ತಿ ಇಟ್ಟಿದ್ದರು.

ಬಂಡೆಮ್ಮ ಅದನ್ನು ನೋಡಿದರು. ಗುಡಿಸಿ ಮುಗಿಸಿ ಹೋದರು. ನನ್ನ ಬಾಯಿಗೇನು ಧಾಡಿಯಾಗಿತ್ತೋ, ಇದೇನೆಂದು ನಮ್ಮವರನ್ನು ಕೇಳಲೇ ಇಲ್ಲ. ಮರುದಿನದಿಂದ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಎರಡು ವಾರದ ಮೇಲೆ, ದಮ್ಮು ಏರಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು ಎಂದು ತಿಳಿಯಿತು. ನಮ್ಮವರನ್ನು ಎಳೆದುಕೊಂಡೇ ಕಮಲಾಪುರಕ್ಕೆ ಹೋದೆ.

ಅವರ ಸೊಸೆ ರಮಾಬಾಯಿ ಆಶಾ ಕಾರ್ಯಕರ್ತೆ. ಯೋಗದ ತರಬೇತಿ ಪಡೆದು ಊರಿನ ಹೆಂಗಸರಿಗೆ ಕಲಿಸುವವಳು. ಅತ್ತೆಗೂ ಕಲಿಸಲು ನೋಡಿದ್ದಳಂತೆ. ಕಣ್ಣು ಮುಚ್ಚಿದರೆ ಆ ಬಕೆಟ್ಟೇ ಕಾಣುತ್ತದೆ, ನನಗೆ ಬೇಡ ಎಂದು ಬಂಡೆಮ್ಮ ಎದ್ದುಬಿಡುತ್ತಿದ್ದರಂತೆ.

ನಮ್ಮವರು ಸಮಜಾಯಿಷಿ ಶುರು ಮಾಡಿದರು. "ಯೋಗದಾಗ ಶೌಚ ಅಂತ ಅದ. ಸ್ವಚ್ಛ ಇರಬೇಕು. ನಾ ಜಾತಿ-ಗೀತಿ ಏನೂ ಮನಸಿನಾಗ ಇಟ್ಕೊಂಡಿಲ್ಲ."

"ಹಂಗಾದ್ರ ಉಳಿದ ಮೂವತ್ತು ಚಾಪಿ ಯಾಕ ತೊಳೀಲಿಲ್ರೀ ಸರ್?" ಎಂದಳು ರಮಾಬಾಯಿ.

ಅವಳೇ ಮುಂದುವರಿಸಿದಳು.

"ಯೋಗಕ್ಕ ಎಂಟು ಅಂಗ ಅವ. ಮೊದಲನೇದು ಯಮ, ಅದರಾಗೂ ಮೊದಲ ಮಾತು ಅಹಿಂಸಾ. ಇನ್ನೊಬ್ಬರ ಮನಸಿಗೆ ನೋವು ಮಾಡಬಾರದು. ಶೌಚ ಆಮ್ಯಾಲಿಂದು, ಎರಡನೇದು ನಿಯಮ, ಅದರಾಗ ಬರ್ತದ. ಆಸನ ಮೂರನೇದು. ನೀವು ಮೊದಲನೇದೇ ಬಿಟ್ಟು ಹದಿನೈದು ವರ್ಷ ಏನು ಮಾಡೀರಿ?"

ಮೇಲೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ, ಅದು ನಮ್ಮ ಮನೆಯದೇ ಕಥೆ. ನಮ್ಮವರು ಬಂಡೆಮ್ಮನಿಗೆ ಕೈ ಮುಗಿದು, ತಪ್ಪಾಯಿತು, ನಾಳೆಯಿಂದ ಬನ್ನಿ, ಮುಂದಿನ ಸಾಲಿನಲ್ಲೇ ಕೂರಿ ಎಂದರು.

ಬಂಡೆಮ್ಮ ಉಸಿರು ಸಾವರಿಸಿಕೊಂಡು ಹೇಳಿದರು: "ನಿಮಗ ತಿಳೀತು, ನಿಮಗ ಛಲೋ ಆಯ್ತು. ನಾ ಬರಂಗಿಲ್ರೀ. ಸೊಸಿ ಕಲಸ್ತಾಳ, ಇಲ್ಲೇ ಕಲೀತೀನಿ."

ನಮ್ಮ ಮಾಳಿಗೆಯಲ್ಲಿ ಈಗ ಮೊದಲ ಪಾಠ ಅಹಿಂಸೆಯದು. ಈ ಕಥೆಯನ್ನು ನಮ್ಮವರೇ ಬಾಯಿಬಿಟ್ಟು ಹೇಳುತ್ತಾರೆ. ಕೇಳಿ ಇಬ್ಬರು ಬರುವುದನ್ನೇ ಬಿಟ್ಟರು. ಬಿಡಲಿ.

ಅಕ್ಕಂದಿರೇ, ಅಣ್ಣಂದಿರೇ, ದಿನಾ ಯೋಗ ಮಾಡುತ್ತೀರಾ? ಸಂತೋಷ. ನಾಳೆ ಬೆಳಿಗ್ಗೆ ಮಾಡುವ ಮೊದಲು ಒಮ್ಮೆ ನಿಮ್ಮ ಅಡುಗೆಮನೆಗೆ ಹೋಗಿ. ಕೆಲಸದವರಿಗೆಂದು ಕಿಟಕಿಯಲ್ಲಿ ಬೇರೆ ಲೋಟ ಇಟ್ಟಿದ್ದೀರಾ? ತೆಗೆದು ಮನೆಯ ಲೋಟಗಳ ಜೊತೆ ಇಡಿ. ಅದೇ ಲೋಟದಲ್ಲಿ ನೀವು ನೀರು ಕುಡಿಯಿರಿ. ಅದು ಆಗದಿದ್ದರೆ ಕೈಕಾಲು ಆಡಿಸಿ, ಬೆವರು ಹರಿಸಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಯೋಗ ಅನ್ನಬೇಡಿ.