ದಾಕ್ಷಿಣ್ಯದ ಬಾಬ್ತು

ತೂಕದಣ್ಣನ ಕೈಗೆ ಸಿಕ್ಕ ತಕ್ಕಡಿ ಸುಳ್ಳು ಹೇಳುವುದನ್ನು ಬಿಟ್ಟುಬಿಡುತ್ತಿತ್ತು. ಪೇಟೆಯ ನಲವತ್ತು ಅಂಗಡಿಗಳ ತಕ್ಕಡಿಗಳು ಅವನ ಸುಪರ್ದಿಯಲ್ಲಿದ್ದವು. ತಟ್ಟೆಯ ನಾಲ್ಕೂ ಮೂಲೆಗೆ ಹಿತ್ತಾಳೆಯ ತೂಕದ ಬಟ್ಟು ಇಟ್ಟು ನೋಡುವನು. ಕೈಬೆವರು ಅಂಟಿದರೆ ಅದರ ತೂಕವೂ ಸೇರೀತೆಂದು ಬಟ್ಟನ್ನು ಬರಿಗೈಯಲ್ಲಿ ಮುಟ್ಟುವವನಲ್ಲ, ಮೆದು ತೊಗಲಿನ ತುಂಡಿನಲ್ಲಿ ಹಿಡಿದೇ ಎತ್ತುವನು. ಎರಡು ಗ್ರಾಂ ಹೆಚ್ಚುಕಮ್ಮಿ ಕಂಡರೂ ಅದನ್ನು ಸೊನ್ನೆಗೆ ಕೂರಿಸದೆ ಅಂಗಡಿಯ ಮೆಟ್ಟಿಲು ಇಳಿಯುತ್ತಿರಲಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಬರಿಗೈಯಲ್ಲಿ ಮೆಟ್ಟಿಲು ಇಳಿಯುವುದೂ ಅವನಿಂದ ಆಗುತ್ತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿ.

ಅಂಗಡಿಯವರ ತಕ್ಕಡಿ ಬಿಚ್ಚಿ, ಅವರು ತರಿಸಿಕೊಟ್ಟ ಚಹಾ ಕುಡಿದು, ಅವರ ಮಂಡಿನೋವಿನ ಸಮಾಚಾರ ವಿಚಾರಿಸಿ, ಕೊನೆಗೆ ಕೂಲಿಯನ್ನೂ ಎಣಿಸಿಕೊಂಡು, ಏನೊಂದೂ ಕೊಳ್ಳದೆ ಎದ್ದು ಬಂದರೆ ಅವರು ಏನೆಂದುಕೊಂಡಾರು? ಹೀಗಾಗಿ ಮೊಳೆ ಅಂಗಡಿಯಿಂದ ಅರ್ಧ ಕಿಲೋ ಮೊಳೆ ಬರುತ್ತಿತ್ತು, ಬಣ್ಣದ ಅಂಗಡಿಯಿಂದ ಒಂದು ಬ್ರಷ್ಷು, ದಿನಸಿ ಅಂಗಡಿಯಿಂದ ಸೋಂಪಿನ ಬಿಸ್ಕತ್ತಿನ ಡಬ್ಬಿ. ಒಮ್ಮೆ ಗುಜರಿ ಅಂಗಡಿಗೆ ಹಳೇ ಪೇಪರು ಮಾರಲು ಹೋದವನು ಮೂರು ಕಾಲಿನ ಕುರ್ಚಿ ಕೊಂಡು ತಂದಿದ್ದ. ಗುಜರಿಯವನು ಅದಕ್ಕೆ ಮೊದಲು ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದನಂತೆ. ಆಮೇಲೆ ಕೈಬಿಟ್ಟನಂತೆ.

ಅವನ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅತ್ತೆಯ ಕಣ್ಣಿನ ಆಪರೇಷನ್ನಿನ ಖರ್ಚಿಗೆಂದು, ಆರೇ ತಿಂಗಳ ಮಟ್ಟಿಗೆ, ಭಾನುವಾರದ ಡ್ಯೂಟಿಯನ್ನೂ ಒಪ್ಪಿಕೊಂಡಿದ್ದಳು. ಅದಕ್ಕೀಗ ನಾಲ್ಕು ವರ್ಷ. ಅತ್ತೆಯ ಕಣ್ಣು ಎಷ್ಟು ಚೊಕ್ಕಟವಾಯಿತೆಂದರೆ, ಬೀದಿಯ ಆಚೆ ಕೊನೆಯಲ್ಲಿ ಯಾರು ಹೊಸ ಪರದೆ ಹಾಕಿದರು, ಅದರ ಅಂಚು ಎಲ್ಲಿ ಬಿಚ್ಚಿದೆ ಎಂಬುದನ್ನು ಕಿಟಕಿಯಲ್ಲೇ ಕೂತು ಹೇಳುತ್ತಿದ್ದರು. ಭಾನುವಾರ ಮಾತ್ರ ವಾಪಸು ಬರಲಿಲ್ಲ.

“ರೀ, ಸೂಪರ್‌ವೈಸರ್ ಮೇಡಂ ಮುಂದಿನ ವರ್ಷದ ಡ್ಯೂಟಿ ಪಟ್ಟಿ ಮಾಡ್ತಿದ್ದಾರೆ,” ಎಂದಳು ಹೆಂಡತಿ ತಿಂಗಳ ಮೊದಲ ವಾರದ ಒಂದು ಸಂಜೆ, ಚಪ್ಪಲಿ ಕಳಚುತ್ತ. “ಭಾನುವಾರ ಬೇಡ ಅನ್ನೋರು ಮೂವತ್ತನೇ ತಾರೀಕಿನೊಳಗೆ ಹೇಳ್ಬೇಕಂತೆ. ಆಮೇಲೆ ಇನ್ನೊಂದು ವರ್ಷ ಬಾಯಿ ತೆಗೆಯೋ ಹಾಗಿಲ್ಲ.”

“ಬೇಡ ಅಂದ್ಬಿಡು ಮತ್ತೆ.”

“ಅಂದ್ಬಿಟ್ರೆ ಆ ದುಡ್ಡನ್ನ ನೀವು ಎಲ್ಲಿಂದ ತೂಗಿ ಕೊಡ್ತೀರಿ?”

“ಬಿಟ್ಟು ಏನ್ ಮಾಡ್ತೀಯ ಅಂತ?” ಅವನು ತಮಾಷೆಗೆ ಕೇಳಿದ.

“ಹಗಲು ಹೊತ್ತಲ್ಲಿ ನಮ್ಮನೆ ಹೇಗಿರತ್ತೆ ಅಂತ ನೋಡ್ತೀನಿ. ನಾನೂ ಬಾಡಿಗೆ ಕಟ್ತೀನಲ್ಲ.”

ಅವನು ನಕ್ಕ. ಅವಳು ನಗಲಿಲ್ಲ. ಅವಳು ಬಟ್ಟೆ ಬದಲಿಸಲು ಒಳಗೆ ಹೋದ ಮೇಲೂ ಆ ಮಾತು ಅಲ್ಲೇ, ಚಪ್ಪಲಿಗಳ ಪಕ್ಕದಲ್ಲಿ, ಕೂತಿದ್ದ ಹಾಗಿತ್ತು.

ಮಾರನೇ ಸಂಜೆಯೇ ಮನೆಮಂದಿಯ ಸಭೆ ಕೂತಿತು. ಕಾಲೇಜಿನಲ್ಲಿ ಲೆಕ್ಕಪತ್ರ ಓದುತ್ತಿದ್ದ ಮಗಳು ಅಧ್ಯಕ್ಷೆ; ಆಕೆಯನ್ನು ಯಾರೂ ಆರಿಸಿರಲಿಲ್ಲ, ಪೆನ್ನು ಆಕೆಯ ಕೈಯಲ್ಲಿತ್ತು ಅಷ್ಟೆ. ಭಾನುವಾರಗಳ ಸಂಬಳ ತಿಂಗಳಿಗೆ ಎರಡು ಸಾವಿರದ ನಾನೂರು. ಅಷ್ಟನ್ನು ಖರ್ಚಿನಿಂದ ಇಳಿಸಿದರೆ ಅಮ್ಮನ ಭಾನುವಾರ ಅಮ್ಮನಿಗೆ.

ಅಜ್ಜಿ, ಅಂದರೆ ಕಣ್ಣು ಚೊಕ್ಕಟವಾದ ಆ ಅತ್ತೆ, ಎರಡು ಪತ್ರಿಕೆಗಳಲ್ಲಿ ಒಂದನ್ನು ತ್ಯಾಗ ಮಾಡಿದರು. “ಒಂದರಲ್ಲಿ ಓದಿದ್ದು ನಿಜಾನಾ ಅಂತ ನೋಡೋಕೆ ಇನ್ನೊಂದು ತರಿಸ್ತಿದ್ದೆ. ಇನ್ಮೇಲೆ ಸುಮ್ನೆ ನಂಬ್ತೀನಿ, ಬಿಡು,” ಎಂದರು. ಮಗಳು ಕಾಲೇಜಿನಿಂದ ವಾಪಸು ಬರುವಾಗ ಬಸ್ಸು ಬಿಟ್ಟು ನಡೆಯುವುದೆಂದಾಯಿತು. ಫೋನಿನ ದುಬಾರಿ ಪ್ಲಾನು, ಬೆಳಗಿನಿಂದ ಸಂಜೆಯವರೆಗೆ ಕಾಯುತ್ತಲೇ ಇರುತ್ತಿದ್ದ ಗೀಸರು, ಯಾರೂ ನೋಡದ ಎಂಟು ಚಾನೆಲ್ಲು, ಎಲ್ಲ ಸೇರಿ ಸಾವಿರದ ನೂರು ಉರುಳಿತು. ಹೆಂಡತಿಯ ಖರ್ಚಿನಲ್ಲಿ ಕಡಿಯಲು ಏನೂ ಸಿಗಲಿಲ್ಲ. ಖರ್ಚು ಮಾಡಲು ಅವಳಿಗೆ ರಜೆ ಎಲ್ಲಿತ್ತು?

“ಇನ್ನೂ ಸಾವಿರದ ಮುನ್ನೂರು ಬೇಕು,” ಎಂದ ಮಗಳು ಎದ್ದು ಹೋಗಿ ಅಟ್ಟದ ಕೆಳಗಿನ ಬೀರು ತೆಗೆದಳು.

“ಅಪ್ಪಾ, ಇಲ್ಲಿ ಹನ್ನೊಂದು ಕಿಲೋ ಮೊಳೆ ಇದೆ. ನಮ್ಮನೇಲಿ ಗೋಡೆ ಎಷ್ಟಿದೆ?”

“ಗೋಡೆ ಇದೆ. ಓನರ್ರು ಮೊಳೆ ಹೊಡೆಯೋಕೆ ಬಿಡಲ್ಲ,” ಎಂದಳು ಹೆಂಡತಿ.

“ಬ್ರಷ್ಷು ಹದಿನಾಲ್ಕು. ಈ ಬಿಸ್ಕತ್ತು… ಅಜ್ಜಿ, ಇದನ್ನ ನೀವು ತಿಂತೀರಾ?”

“ಹಲ್ಲಿದ್ದಾಗಲೇ ಅದರ ತಂಟೆಗೆ ಹೋಗಿಲ್ಲ ಕಣೇ. ಈಗ ಹೋಗ್ತೀನಾ?”

“ಹಾಗಾದ್ರೆ ಇದನ್ನೆಲ್ಲ ಯಾವ ಬಾಬ್ತಿಗೆ ಬರ್ಕೊಳ್ಳಲಿ?”

ತೂಕದಣ್ಣ ಮೊಳೆಗಳನ್ನು ನೋಡಿದ, ಸೂರನ್ನು ನೋಡಿದ. ಹೆಂಡತಿಯೇ ಉತ್ತರ ಕೊಟ್ಟಳು. “ದಾಕ್ಷಿಣ್ಯ ಅಂತ ಬರ್ಕೋ.”

ಮಗಳು ದುಂಡಗೆ ಬರೆದು, ಕೆಳಗೆ ಗೀಟೆಳೆದು ಕೂಡಿದಳು. ದಾಕ್ಷಿಣ್ಯದ ಬಾಬ್ತು, ಕಳೆದ ಒಂದು ತಿಂಗಳಿಗೆ, ಸಾವಿರದ ನಾನೂರ ಅರವತ್ತು. ಬೇಕಾದದ್ದಕ್ಕಿಂತ ಜಾಸ್ತಿಯೇ ಇತ್ತು. ಅಂದರೆ ಹೆಂಡತಿಯ ಭಾನುವಾರ ಈಗ ಅವನ ನಾಲಿಗೆಯ ತುದಿಯಲ್ಲಿ ಕೂತಿತ್ತು. ಅಂಗಡಿಯಂಗಡಿಯಲ್ಲೂ ‘ಬೇಡ’ ಎಂಬ ಎರಡಕ್ಷರ ಹೊರಟರೆ ಸಾಕು.

ತಾಲೀಮು ಮನೆಯಲ್ಲೇ ನಡೆಯಿತು. ಅಂಗಡಿಯವರ ಪಾತ್ರ ಅಜ್ಜಿಯದು. “ಬೆಳಗ್ಗಿಂದ ಒಂದು ಬೋಣಿ ಇಲ್ಲ ಕಣಪ್ಪಾ. ನೀನೂ ಹೀಗೆ ಎದ್ದು ಹೋದ್ರೆ…” ಎಂದು ಅಜ್ಜಿ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು. ತೂಕದಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು.

“ಅಪ್ಪಾ!”

“ಸುಮ್ನೆ ನೋಡ್ದೆ, ಜೇಬು ಇದೆಯಾ ಅಂತ.”

ಕಡೆಗೆ ಅವನು ಒಂದು ಉಪಾಯ ಹೂಡಿದ. ಬಿಸ್ಕತ್ತಿಗೆ ‘ಡಾಕ್ಟರು ಬೇಡ ಅಂದಿದ್ದಾರೆ’ ಎಂದುಬಿಡುವುದು. ಡಾಕ್ಟರ ಮೇಲೆ ಹಾಕಿದರೆ ಯಾರಿಗೂ ಬೇಸರವಿಲ್ಲ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತ ಹೋದ. ದುರದೃಷ್ಟಕ್ಕೆ ಅವತ್ತು ಮೊದಲು ಸಿಕ್ಕದ್ದು ಮೊಳೆ ಅಂಗಡಿ.

ತಕ್ಕಡಿ ಸರಿಯಾಯಿತು. ಚಹಾ ಆಯಿತು. ಮೊಳೆ ಅಂಗಡಿಯವರು ಕಾಗದದ ಪೊಟ್ಟಣ ಬಿಡಿಸುತ್ತ, “ಈ ಸಲ ಒಂದಿಂಚಿಂದು ಹಾಕ್ಲಾ, ಎರಡಿಂಚಿಂದಾ?” ಎಂದರು.

“ಡಾಕ್ಟರು ಬೇಡ ಅಂದಿದ್ದಾರೆ,” ಎಂದ ತೂಕದಣ್ಣ.

“ಮೊಳೆನಾ?”

ಹಿಂದೆ ಸರಿಯಲು ಜಾಗವಿರಲಿಲ್ಲ. “ಹೂಂ,” ಎಂದ.

ಮೊಳೆ ಅಂಗಡಿಯವರು ಕರುಣಾಳು. ಸ್ವಲ್ಪ ಯೋಚಿಸಿ, “ಮೈಯಲ್ಲಿ ಕಬ್ಬಿಣದ ಅಂಶ ಜಾಸ್ತಿ ಆಗಿರ್ಬೇಕು,” ಎಂದು ತೀರ್ಮಾನಿಸಿ, ಅವನ ಬಟ್ಟುಗಳ ಪೆಟ್ಟಿಗೆಯನ್ನು ತಾವೇ ಹೊತ್ತು ಮೆಟ್ಟಿಲು ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಪೇಟೆಗೆಲ್ಲ ಸುದ್ದಿ ಮುಟ್ಟಿತು. ಬಣ್ಣದ ಅಂಗಡಿಯವರು ಕುರ್ಚಿ ಹಾಕಿ ಕೂರಿಸಿ, “ಭಾರ ಎತ್ತಬೇಡಿ ಅಣ್ಣ, ಮೊದಲು ಆರೋಗ್ಯ ನೋಡ್ಕೊಳ್ಳಿ, ತಕ್ಕಡಿ ಮುಂದಿನ ತಿಂಗಳು ನೋಡಿದ್ರಾಯ್ತು,” ಎಂದು ಕಳಿಸಿಕೊಟ್ಟರು. ಮೊಳೆಯೂ ಇಲ್ಲ, ಬ್ರಷ್ಷೂ ಇಲ್ಲ, ಬಣ್ಣದ ಅಂಗಡಿಯ ಕೂಲಿಯೂ ಇಲ್ಲ.

“ನಲವತ್ತು ಅಂಗಡಿಗೆ ನಲವತ್ತು ಕಾಯಿಲೆ ಎಲ್ಲಿಂದ ತರ್ತೀರಿ?” ಎಂದಳು ಹೆಂಡತಿ. ಗದರಿಸುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅವತ್ತು ಭಾನುವಾರ, ಇಡೀ ದಿನ ಡಾಕ್ಟರುಗಳ ಕೋಟಿಗೆ ಇಸ್ತ್ರಿ ಹಾಕಿ ಬಂದಿದ್ದಳು. ಕೂತಲ್ಲೇ ಕಣ್ಣು ಮುಚ್ಚಿಕೊಂಡು ಹೇಳಿದಳು. “ನಿಜ ಹೇಳಿ. ಅದಕ್ಕೆ ಜ್ಞಾಪಕ ಇಟ್ಕೊಳ್ಳೋ ಕಷ್ಟ ಇಲ್ಲ.”

ಮಾರನೇ ದಿನ ಅವನು ದಿನಸಿ ಅಂಗಡಿಯ ಮೆಟ್ಟಿಲು ಹತ್ತಿದ. ತಟ್ಟೆಯನ್ನು ಒರೆಸಿದ, ನಾಲ್ಕು ಮೂಲೆಗೂ ಬಟ್ಟು ಇಟ್ಟ. ಒಂದು ಗ್ರಾಮೂ ಆಚೀಚೆ ಇರಲಿಲ್ಲ. ದಿನಸಿಯವರು ಕೂಲಿ ತೊಂಬತ್ತು ಎಣಿಸಿಟ್ಟು, ಕೇಳುವ ಗೋಜಿಗೂ ಹೋಗದೆ ಬಿಸ್ಕತ್ತಿನ ಡಬ್ಬಿಗೆ ಕೈ ಚಾಚಿದರು.

“ಯಜಮಾನ್ರೇ, ಒಂದು ಮಾತು,” ಎಂದ ತೂಕದಣ್ಣ. “ಬಿಸ್ಕತ್ತು ಬೇಡ. ಈ ಸಲ ಅಂತಲ್ಲ, ಇನ್ಮುಂದೇನೂ ಬೇಡ. ಮನೇಲಿ ಯಾರೂ ತಿನ್ನಲ್ಲ. ನಮ್ಮ ಮನೆಯವಳಿಗೆ ಭಾನುವಾರದ ಕೆಲಸ ಬಿಡಿಸ್ಬೇಕು, ಖರ್ಚು ಇಳಿಸ್ತಿದ್ದೀವಿ.”

ದಿನಸಿಯವರ ಕೈ ಅರ್ಧದಲ್ಲೇ ನಿಂತಿತು. ಹದಿನೈದು ವರ್ಷದ ಪರಿಚಯ ಇಲ್ಲಿಗೆ ಮುಗಿಯಿತೆಂದು ತೂಕದಣ್ಣ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ.

“ಅಯ್ಯೋ, ಪುಣ್ಯಾತ್ಮ!” ಎಂದರು ದಿನಸಿಯವರು. “ಇದನ್ನ ಮೊದಲೇ ಹೇಳೋದಲ್ವಾ! ಈ ದರಿದ್ರ ಬಿಸ್ಕತ್ತನ್ನ ಇಡೀ ಪೇಟೇಲಿ ತಗೊಳ್ಳೋರು ನೀವೊಬ್ರೇ. ನೀವು ಇಷ್ಟಪಡ್ತೀರಲ್ಲ ಅಂತ ತರಿಸ್ತೀನಿ. ಕಂಪನಿಯೋರು ಡಜನ್ನಿಗೆ ಕಮ್ಮಿ ಕಳ್ಸಲ್ಲ. ಮಿಕ್ಕ ಹನ್ನೊಂದು ನಮ್ಮನೇಲಿ ತಿಂತಾರೆ, ಅಳ್ತಾ.”

“ನಾನು ಇಷ್ಟಪಟ್ಟಿದ್ದು ಯಾವಾಗ?”

“ಮೊದಲನೇ ಸಲ ಕೊಟ್ಟಾಗ ಚೆನ್ನಾಗಿದೆ ಅಂದ್ರಲ್ಲ.”

“ನೀವೇ ಕೈಯಾರೆ ಕೊಟ್ರಿ. ಇನ್ನೇನು ಅನ್ಲಿ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕವರು ದಿನಸಿಯವರು. ನಕ್ಕು ಹಗುರಾದ ಗುಂಗಿನಲ್ಲಿ ಅವರು ಇನ್ನೊಂದು ನಿಜವನ್ನೂ ಹೇಳಿಬಿಟ್ಟರು. “ನಾನೂ ಹೇಳ್ಬಿಡ್ತೀನಿ. ಈ ತಕ್ಕಡಿ ಗಟ್ಟಿ ಇದೆ, ಆರು ತಿಂಗಳಿಗೊಂದು ಸಲ ನೋಡಿದ್ರೂ ಸಾಕು. ನೀವು ತಪ್ಪದೆ ಡಬ್ಬಿ ತಗೋತೀರಲ್ಲ ಅನ್ನೋ ದಾಕ್ಷಿಣ್ಯಕ್ಕೆ ತಿಂಗಳಿಗೊಂದು ಸಲ ಕರೆಸ್ತಿದ್ದೆ.”

ಈ ಸಲ ತೂಕದಣ್ಣ ನಗಲಿಲ್ಲ. ಆ ವಾರ ಇನ್ನಿಬ್ಬರೂ ಹೀಗೇ ಬಾಯಿಬಿಟ್ಟರು. ಮೂರು ಕೂಲಿ, ತಿಂಗಳಿಗೆ ಇನ್ನೂರ ಎಪ್ಪತ್ತು, ಕೈಬಿಟ್ಟಂತೆ. ಖರ್ಚು ಕಡಿಯಲು ಹೋಗಿ ಗಳಿಕೆಯನ್ನೂ ಕಡಿದುಕೊಂಡೆನಲ್ಲ ಎಂದು ಅವನು ಮನೆಗೆ ಬಂದು, ಎಲ್ಲವನ್ನೂ ಮಗಳ ಮುಂದೆ ಒಪ್ಪಿಸಿ, ತಪ್ಪಿತಸ್ಥನಂತೆ ಕೂತ.

“ಡಬ್ಬಿಗೆ ಎಷ್ಟು ಅಪ್ಪ?”

“ನೂರಾ ಇಪ್ಪತ್ತು.”

“ನಿಮ್ಮ ಕೂಲಿ?”

“ತೊಂಬತ್ತು.”

ಮಗಳು ಪೆನ್ನು ಕೆಳಗಿಟ್ಟಳು. “ಅಂದ್ರೆ ಪ್ರತಿ ತಿಂಗಳೂ ಅವರ ತಕ್ಕಡಿ ರಿಪೇರಿ ಮಾಡಿ, ಮೇಲೆ ಮೂವತ್ತು ನೀವೇ ಕೊಟ್ಟು ಬರ್ತಿದ್ರಿ.”

ಅಜ್ಜಿ ನಗೆ ತಡೆಯಲಾಗದೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ತೂಕದಣ್ಣನಿಗೆ ನಾಚಿಕೆಯಾಯಿತು. ಆದರೆ ಬೆನ್ನ ಮೇಲಿಂದ ಏನೋ ಇಳಿದ ಹಾಗೂ ಆಯಿತು. ಉಳಿದ ಅಂಗಡಿಗಳಲ್ಲಿ ಅವನು ನಿಜವನ್ನೇ ಹೇಳಿದ. ಮೊಳೆ ಅಂಗಡಿಯವರಿಗೆ ತನ್ನ ಕಬ್ಬಿಣದ ಅಂಶ ಸರಿಹೋಯಿತೆಂದೂ, ಮೊಳೆ ಮಾತ್ರ ಬೇಡವೆಂದೂ ತಿಳಿಸಿದ. ಒಂದಿಬ್ಬರು ಮುಖ ಸಣ್ಣಗೆ ಮಾಡಿದರು. ಬಹಳ ಜನಕ್ಕೆ ಅವನು ಏನನ್ನು ಕೊಳ್ಳುತ್ತಿದ್ದನೆಂಬುದೇ ನೆನಪಿರಲಿಲ್ಲ. ಅದೇ ಅವನಿಗೆ ಸ್ವಲ್ಪ ಹೆಚ್ಚು ಚುಚ್ಚಿತು.

ಇಷ್ಟರಲ್ಲಿ ದಿನಸಿಯವರೇ ತಮ್ಮ ಷಡ್ಡಕನ ಪಾರ್ಸೆಲ್ ಆಫೀಸಿಗೆ ಅವನ ಹೆಸರು ಹೇಳಿದರು. ಅಲ್ಲಿ ಐದು ದೊಡ್ಡ ತಕ್ಕಡಿ, ಮೂರು ತಿಂಗಳಿಗೊಮ್ಮೆ ನೋಡಬೇಕು. ಮಾತಾಡಲು ಹೋದ ತೂಕದಣ್ಣ ಅಭ್ಯಾಸಬಲದಿಂದ ಸುತ್ತ ಕಣ್ಣಾಡಿಸಿದ. ಕೊಳ್ಳಲು ಏನೂ ಇರಲಿಲ್ಲ. ಇದ್ದ ಡಬ್ಬಗಳೆಲ್ಲ ಬೇರೆಯವರಿಗೆ ಸೇರಿದವು. ಇಂಥ ಒಳ್ಳೆಯ ಜಾಗವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಮೂವತ್ತನೇ ತಾರೀಕು ಬೆಳಿಗ್ಗೆ, ಹೆಂಡತಿ ಡ್ಯೂಟಿಗೆ ಹೊರಡುವ ಮುಂಚೆ, ಮಗಳು ಕಡೆಯ ಸಲ ಕೂಡಿದಳು.

“ನೂರಾ ಹತ್ತು ಕಮ್ಮಿ ಬೀಳತ್ತೆ.”

“ಪಾರ್ಸೆಲ್ ಆಫೀಸಿಂದು ಸೇರ್ಸು,” ಎಂದ ತೂಕದಣ್ಣ.

“ಇನ್ನೂ ಕೈಗೆ ಬರದ ದುಡ್ಡನ್ನ ಸೇರಿಸೋ ಹಾಗಿಲ್ಲ ಅಪ್ಪ.”

ಹೆಂಡತಿ ಲೆಕ್ಕದ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಬೆರಳಿಟ್ಟು, ಒಂದೊಂದೇ ಸಾಲು ಓದಿದಳು. “ನೂರಾ ಹತ್ತಕ್ಕೆ ನನ್ನ ಒಂದು ವರ್ಷ ಕೊಡಕ್ಕಾಗಲ್ಲ,” ಎಂದು ಫೋನು ತೆಗೆದುಕೊಂಡಳು.

ಸೂಪರ್‌ವೈಸರ್ ಮೇಡಮ್ಮಿನ ದನಿ ಕೋಣೆಯ ಎಲ್ಲರಿಗೂ ಕೇಳುವಷ್ಟು ದೊಡ್ಡದಿತ್ತು. “ನೀನೇ ಹೀಗಂದ್ರೆ ಹೇಗಮ್ಮ? ಆ ಕೋಟುಗಳ ಕಾಲರು ನಿನ್ನ ಹಾಗೆ ಯಾರು ಕೂರಿಸ್ತಾರೆ? ನಿನ್ನನ್ನೇ ನಂಬ್ಕೊಂಡಿದ್ದೀನಿ. ಬೇರೆ ಯಾರಿಗೂ ಅಲ್ಲ, ನನಗೋಸ್ಕರ ಇದೊಂದು ವರ್ಷ.”

ತೂಕದಣ್ಣ ಹೆಂಡತಿಯ ಮುಖ ನೋಡಿದ. ಹುಬ್ಬು ಮೇಲೇರಿತ್ತು, ತುಟಿ ಅರ್ಧ ತೆರೆದು ಒಂದು ಸಣ್ಣ ನಗೆಯ ಕಡೆ ಹೊರಟಿತ್ತು. ಆ ಮುಖ ಅವನಿಗೆ ಚೆನ್ನಾಗಿ ಗೊತ್ತು. ನಲವತ್ತು ಅಂಗಡಿಗಳಲ್ಲಿ ಅವನೇ ಹಾಕಿಕೊಂಡು ತಿರುಗಿದ ಮುಖ ಅದು. ಅದರ ಮುಂದಿನ ಮಾತು ‘ಆಯ್ತು’ ಎಂಬುದೂ ಗೊತ್ತು. ಕೈಸನ್ನೆ ಮಾಡಬೇಕೆನಿಸಿತು, ಆದರೆ ‘ಬೇಡ’ ಎಂಬ ಎರಡಕ್ಷರವನ್ನು ಇನ್ನೊಬ್ಬರ ಪರವಾಗಿ ಹೇಳಲು ಬರುವುದಿಲ್ಲವೆಂದು ಈ ತಿಂಗಳು ಅವನಿಗೆ ಮನದಟ್ಟಾಗಿತ್ತು.

“ಇಲ್ಲ ಮೇಡಂ, ಭಾನುವಾರ ಬೇಡ,” ಎಂದಳು ಅವಳು.

“ಯಾಕಮ್ಮ, ಭಾನುವಾರ ಏನಾದ್ರೂ ಕೆಲಸ ಇದೆಯಾ?”

“ಏನೂ ಇಲ್ಲ ಮೇಡಂ. ಅದಕ್ಕೇ.”

ಆ ಕಡೆಯಿಂದ ಡ್ರಾಯರು ಎಳೆದ ಸದ್ದು, ಕಾಗದ ಮಗುಚಿದ ಸದ್ದು. “ತಡಿ, ಪೆನ್ನು ಸಿಗ್ತಿಲ್ಲ,” ಎಂದರು ಮೇಡಂ.

“ಹುಡುಕಿ ಮೇಡಂ,” ಎಂದು ಹೆಂಡತಿ ಚಪ್ಪಲಿ ಕಳಚಿ ಕುರ್ಚಿಯಲ್ಲಿ ಕೂತಳು. “ನಾನು ಕಾಯ್ತೀನಿ.”