ಬರ್ತೀರಾ, ಬರುತ್ತೀರಾ

ಪುಟದ ಬಲ ಅಂಚು ಎಷ್ಟು ಬೋಳಾಗಿ ಹೋಯಿತು, ಒಂದೇ ಕ್ಲಿಕ್ಕಿಗೆ ಅಷ್ಟೂ ಟಿಪ್ಪಣಿ ಮಾಯ — ಅಳಿಸಿಲ್ಲ ಕಣೇ, ಮರೆ ಮಾಡಿದೀಯ ಅಷ್ಟೆ, ಎಂದು ಪಂಕಜ ತನಗೆ ತಾನೇ ಹೇಳಿಕೊಂಡಳು, ಅಳಿಸುವುದು ಸಂಜೆಗೆ, ಎಲ್ಲ ತಿದ್ದುಪಡಿ ಒಪ್ಪಿ ಟಿಪ್ಪಣಿ ತೆಗೆದು ಕ್ಲೀನ್ ಕಾಪಿ ಕಳಿಸಿಬಿಡಿ ಪಂಕಜಮ್ಮ, ಪ್ರೆಸ್ಸಿನೋರು ಕಾಯ್ತಾವ್ರೆ ಅಂದಿದ್ದಾರೆ ಪ್ರಕಾಶಕರು ಮುರಳಿಮೋಹನ್, ಕಾಯಲಿ ಬಿಡು, ಎರಡು ತಿಂಗಳಿಂದ ಅವಳ ಮಾತುಕತೆಯೆಲ್ಲ ಈ ಅಂಚಿನಲ್ಲೇ ಅಲ್ಲವೇ, ಬೆಳಗ್ಗೆ ಸೊಪ್ಪಿನವಳ ಜೊತೆ ಎರಡು ಮಾತು, ಆಮೇಲೆ ಚಿಕ್ಕಬಳ್ಳಾಪುರದ ಈ ಬಾಡಿಗೆ ಕೋಣೆಯಲ್ಲಿ ಫ್ಯಾನಿನ ಸದ್ದು, ಆಮೇಲೆ ಪಕ್ಕದ ಹಳ್ಳಿ ಕಳವಾರದ ಮುನಿವೆಂಕಟಪ್ಪ ಮೇಷ್ಟ್ರು — ಮುಖ ನೋಡಿಲ್ಲ, ಫೋನಿನಲ್ಲೂ ಮಾತಾಡಿಲ್ಲ, ಅವಳು ತಿದ್ದಿಕೊಡುತ್ತಿರುವ ಅವರ ಬಾಲ್ಯದ ನೆನಪುಗಳ ಪುಸ್ತಕದ ಫೈಲು ಮಾತ್ರ ಹೋಗುತ್ತದೆ, ಬರುತ್ತದೆ, ಅವಳ ತಿದ್ದುಪಡಿ ಕೆಂಪು, ಅವರದು ನೀಲಿ, ಆದರೂ ದನಿ ಗೊತ್ತು, ಊಟಕ್ಕೆ ಬಡಿಸುವಾಗ ಅವರಮ್ಮ ಚಾಲಾ ಅಂತ ಕೇಳುತ್ತಿದ್ದರಂತೆ, ಓದುಗರು ಇದನ್ನು ಚಾಲೂ, ಅಂದರೆ ಶುರು ಎಂದು ತಿಳಿದಾರು ಎಂದು ಇವಳು ಅಂಚಿನಲ್ಲಿ ಬರೆದರೆ, ಅವರ ಉತ್ತರ, ಮೇಡಂ, ನಮ್ಮಮ್ಮನ ತೆಲುಗಲ್ಲಿ ಅದು ಸಾಕಾ ಅಂತ, ಚಾಲು ಅಂದಮೇಲೂ ಶುರು ಅಂತ ಬಡಿಸ್ತಾ ಹೋದ್ರೆ ನನ್ ಹೊಟ್ಟೆ ಗತಿಯೇನು — ಒಬ್ಬಳೇ ಕೂತು ನಕ್ಕಿದ್ದಳು, ನಕ್ಕ ಸದ್ದು ತನಗೇ ಹೊಸದೆನಿಸಿತ್ತು.

ಅರವತ್ಮೂರನೇ ಪುಟ, ಬೆಟ್ಟ ಮುಸುಕು ಹಾಕಿಕೊಳ್ಳುತ್ತದೆ, ಹುಡುಗ ಒಬ್ಬನೇ ಬಂಡೆಯ ಮೇಲೆ ಕೂತಿದ್ದಾನೆ, ನಂತರದ ಸಾಲು, “ನೋಡಿದರೆ ಗೊತ್ತಾಗುತ್ತದೆ, ಒಮ್ಮೆ ಕಳವಾರಕ್ಕೆ ಬರುತ್ತೀರಾ?” — ಯಾರು ಯಾರಿಗೆ ಹೇಳಿದ್ದು ಇದು, ಹುಡುಗ ಇರುವುದೇ ಕಳವಾರದಲ್ಲಿ, ಬಂಡೆಯ ಮೇಲೆ ಇನ್ನೊಬ್ಬರಿಲ್ಲ, ಗುರುತುಗಳನ್ನು ಮತ್ತೆ ತೋರಿಸು ಎಂದು ಒತ್ತಿದಳು, ಅಂಚಿನಲ್ಲಿ ಅವಳದೇ ಪ್ರಶ್ನೆ, ಮುಸುಕು ಎಂದರೆ ಮೋಡವೇ, ಬಿಡಿಸಿ ಬರೆಯಬಹುದೇ, ಅದರ ಕೆಳಗೆ ಉತ್ತರವಿಲ್ಲ, ಉತ್ತರ ಇರುವುದು ಪಠ್ಯದೊಳಗೆ, ನೀಲಿಯಲ್ಲಿ, ನೋಡಿದ್ರೆ ಗೊತ್ತಾಗುತ್ತೆ, ಒಂದ್ಸಲ ಕಳವಾರಕ್ಕೆ ಬರ್ತೀರಾ — ಮೇಷ್ಟ್ರ ಟಿಪ್ಪಣಿಯನ್ನೆಲ್ಲ ಟೈಪು ಮಾಡಿಕೊಡುತ್ತಿದ್ದ ಸೊಸೆ ಭಾನುಪ್ರಿಯಾ ಆ ದಿನ ಮನೆಯಲ್ಲಿರಲಿಲ್ಲವೇನೋ, ತಾವೇ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಅಂಚಿಗೆ ಹೋಗುವ ದಾರಿ ತಿಳಿಯದೆ ಕಥೆಯೊಳಗೇ ಕೇಳಿದ್ದಾರೆ, ಅವಳೋ, ಯಾವುದೋ ಪಾತ್ರದ ಮಾತೆಂದು ಉದ್ಧರಣ ಚಿಹ್ನೆ ಹಾಕಿ, ಬರ್ತೀರಾ ಹೊಡೆದು ಬರುತ್ತೀರಾ ಮಾಡಿ ವಾಪಸು ಕಳಿಸಿದ್ದಾಳೆ, ಮೂರು ವಾರವಾಯಿತು, ಮೇಡಂ ತಿದ್ದಿದ್ದೆಲ್ಲ ಸರಿಯಾಗೈತೆ, ಇನ್ನ ನಾನು ನೋಡೋದೇನಿಲ್ಲ ಅಂದ್ರು ಮೇಷ್ಟ್ರು, ಅಂತ ಮುರಳಿಮೋಹನ್ ಹೇಳಿದಾಗ ಎಷ್ಟು ಹಿಗ್ಗಿದಳು, ಅಯ್ಯೋ, ಅದನ್ನು ಓದಿಯೇ ಹೇಳಿದ್ದಲ್ಲವೇ ಅವರು, ಕರೆದದ್ದಕ್ಕೆ ವ್ಯಾಕರಣ ತಿದ್ದಿ ಕಳಿಸಿದಳಲ್ಲ ಅಂತ ಓದಿ — ತನ್ನ ತಿದ್ದುಪಡಿಯ ಮೇಲೆ ತಿರಸ್ಕರಿಸು ಒತ್ತಿದಳು, ಚಿಹ್ನೆ ಹೋಯಿತು, ಬರುತ್ತೀರಾ ಹೋಯಿತು, ಬರ್ತೀರಾ ಎದ್ದು ಕೂತಿತು, ಅದರ ಪಕ್ಕಕ್ಕೆ ಕರ್ಸರ್ ಇಟ್ಟಳು, ಒಂದು ಅಕ್ಷರ, ಇನ್ನೊಂದು, ಕೆಂಪಿನಲ್ಲಿ ಬರ, ಮುಂದಕ್ಕೆ ಬೆರಳು ಓಡದು, ಬರ್ತೀನಿಯೋ ಬರುತ್ತೇನೆಯೋ, ಯಾವ ದನಿಯಲ್ಲಿ ಹೇಳಬೇಕು ಇದನ್ನ, ಹೇಳಿ ಎಷ್ಟು ಕಾಲವಾಯಿತು, ನೀಲಿ ಬರ್ತೀರಾ, ಕೆಂಪು ಬರ, ಕರ್ಸರ್ ಮಿನುಗುತ್ತಿದೆ, ನೀಲಿ ಬರ್ತೀರಾ, ಕೆಂಪು ಬರ