ಪರದೆಯ ಆ ಬದಿಯ ಕೈ

“ಇನ್ನೊಂದ್ ಗೇಣು ತೋಡೇ, ಮುಂಡೆ. ಗಾಳಿ ಬಂದ್ರೆ ಗಳಾನ ನಿನ್ ಗಂಡ ಎದ್ಬಂದು ಹಿಡ್ಕಂತಾನಾ?”

ಚೇರ್ಮನ್ ವೃಷಭೇಂದ್ರಪ್ಪ ಶಾಲೆಯ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕೂತಲ್ಲಿಂದಲೇ ಅಂದ. ಹೊನ್ನಕ್ಕ ತಲೆಯೆತ್ತದೆ ಹಾರೆ ಹಾಕಿದಳು. ಗಂಡ ಸತ್ತು ವರ್ಷ ತುಂಬಿರಲಿಲ್ಲ. ಆ ಬೈಗುಳ ಆಗಲೇ ಅವಳ ಹೆಸರಾಗಿಹೋಗಿತ್ತು.

ಸಿನಿಮಾ ವ್ಯಾನು ಬಂದಾಗಲೆಲ್ಲ ಗುಂಡಿ ತೋಡಿ, ಗಳ ನೆಟ್ಟು, ಬಿಳಿ ಬಟ್ಟೆ ಬಿಗಿಯುವುದು ಹೊಲಗೇರಿಯವರ ಕೆಲಸ. ಬಿಗಿದಾದ ಮೇಲೆ ಅವರು ಬಟ್ಟೆಯ ಹಿಂದಕ್ಕೆ ಹೋಗಿ ಕೂರಬೇಕು, ಮುಂದುಗಡೆ ಊರಿನವರು. ಹಿಂದಿನಿಂದಲೂ ಬೊಂಬೆ ಕಾಣುತ್ತಿತ್ತು. ಸಿನಿಮಾದ ಗಂಡಸರು ಎಡಗೈಲಿ ಉಣ್ಣುತ್ತಿದ್ದರು, ಎಡಗೈಲಿ ಆರತಿ ಎತ್ತುತ್ತಿದ್ದರು. ಪಟ್ಟಣದವರ ರಿವಾಜೇ ಹಾಗೆ ಎಂದು ಕೇರಿ ನಂಬಿತ್ತು. ಹೊನ್ನಕ್ಕನ ಗಂಡ ಅಡವಯ್ಯ ಬದುಕಿದ್ದಾಗ ಎಡಗೈಲಿ ಮುದ್ದೆ ಮುರಿದು, ನೋಡಮ್ಮಿ, ನಾನೂ ಪ್ಯಾಟೆಯೋನಾದೆ ಅಂತ ಹೆಂಡತಿಯನ್ನು ನಗಿಸುತ್ತಿದ್ದ. ಆ ಎಡಗೈಯಲ್ಲಿ ಮೂರೇ ಬೆರಳು. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಕಲ್ಲುಗಣಿಯ ಸಿಡಿಮದ್ದು ತಿಂದಿತ್ತು.

ಈ ಸಲ ವ್ಯಾನು ತಂದದ್ದು ಅವರದೇ ಬೆಟ್ಟದ ಸಿನಿಮಾ. ಹೋದ ಸುಗ್ಗಿಯಲ್ಲಿ ಬೊಂಬಾಯಿಯವರು ಬಂದು ಚನ್ನರಾಯನದುರ್ಗದ ಬೆನ್ನಿನ ಬಂಡೆಯಲ್ಲಿ ತೆಗೆದುಕೊಂಡು ಹೋದದ್ದು. ಕೆಂಪು ಜಾಕೀಟು ತೊಟ್ಟ ಹಾಲುಬಣ್ಣದ ಹುಡುಗನೊಬ್ಬ ಬಂಡೆ ಹತ್ತುವ ಸಾಹಸ. ಅವನಿಗಿಂತ ಮೊದಲು ಹತ್ತಿ ಹಗ್ಗ ಕಟ್ಟಿ ಬರಲು, ಜೇನು ಕೀಳುವ ಅಡವಯ್ಯನನ್ನು ವೃಷಭೇಂದ್ರಪ್ಪನೇ ಕಳಿಸಿದ್ದ. ಕ್ಯಾಮೆರಾ ತಿರುಗುವಾಗ ಅಡವಯ್ಯ ಪೊದೆಯಲ್ಲಿ ಅಡಗಿಕೊಳ್ಳಬೇಕಿತ್ತು. ಲಂಗೋಟಿಯವನು ಕಂಡರೆ ಹೆಂಗಸರು ಮಕ್ಕಳು ನೋಡುವ ಸಿನಿಮಾ ಕೆಡುತ್ತದಂತೆ. ಬಂಡೆಯೂ ಕರಿ, ಇವನೂ ಕರಿ, ಹಗ್ಗ ಯಾವುದಕ್ಕೆ ಕಟ್ಟಿದ್ದೀರಿ ಅಂತ ಜನ ಕೇಳ್ತಾರೆ ಎಂದು ನಗಾಡಿದ್ದರಂತೆ. “ನನ್ ಕುಂಡಿ ಕಂಡ್ರೆ ದೇಶವೇ ಹಾಳಾಯ್ತದಂತೆ ಕಣಮ್ಮಿ” ಎಂದು ಅಡವಯ್ಯನೂ ನಕ್ಕಿದ್ದ.

ಕೊನೆಯ ಸಂಜೆ ಮಾತ್ರ ನಕ್ಕಿರಲಿಲ್ಲ. ಮೂಗಿನ ಹಾಗೆ ಮುಂದಕ್ಕೆ ಚಾಚಿದ ಮೂಗುಬಂಡೆಯ ಹತ್ತಿರ ಆ ಹುಡುಗನ ಕಾಲು ನಡುಗಿಹೋದವಂತೆ. ಅವನ ಜಾಕೀಟು, ಟೋಪಿ ಇವನಿಗೆ ತೊಡಿಸಿ ಹತ್ತಿಸಿದರಂತೆ. “ನಾಳಿಕ್ಕೆ ಇನ್ನೊಂದ್ಸಲ ಹತ್ಬೇಕಂತೆ” ಅಂದವನು ಉಣ್ಣದೆ ಮಲಗಿದ.

ಮಾರನೆಯ ದಿನ ಹೆಣ ಬಂತು. ಮೈಮೇಲೆ ಜಾಕೀಟಿರಲಿಲ್ಲ. ಕುಡಿದು ಜೇನು ಕೀಳಲು ಹೋಗಿ ಬಿದ್ದ ಎಂದು ವೃಷಭೇಂದ್ರಪ್ಪ ಪೊಲೀಸಿನವರಿಗೆ ಹೇಳಿದ. ಹೌದೇನಮ್ಮ ಎಂದು ಅವರು ಕೇಳಿದಾಗ, ತನ್ನ ಗುಡಿಸಲು ಯಾರ ನೆಲದಲ್ಲಿದೆ ಎಂಬುದು ನೆನಪಾಗಿ ಹೊನ್ನಕ್ಕ ತಲೆಯಾಡಿಸಿದ್ದಳು. ಅಂದಿನಿಂದ ಕೇರಿಯಲ್ಲೂ ಅವನು ಕುಡಿದು ಸತ್ತವನು. ಬರಬರುತ್ತ ಆ ಜಾಕೀಟಿನ ಮಾತು ತಾನೇ ಕಂಡ ಕನಸೇನೋ ಎಂದು ಅವಳಿಗೂ ಅನ್ನಿಸತೊಡಗಿತ್ತು.

ಮಬ್ಬುಗತ್ತಲಾಯಿತು. ಇದು ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದಾದ ಚಿತ್ರ, ಮುಜುಗರ ಪಡುವಂಥದ್ದು ಒಂದೂ ಇಲ್ಲ ಎಂದು ವ್ಯಾನಿನ ಆಫೀಸರು ಮೈಕಿನಲ್ಲಿ ಹೇಳಿದರು. ವೃಷಭೇಂದ್ರಪ್ಪನ ಮನೆಯ ಹೆಂಗಸರು ಜಮಖಾನದ ಮೇಲೆ ಸರಿದು ಕೂತರು. ಬಟ್ಟೆಯ ಹಿಂದೆ, ನೆಗ್ಗಿಲುಮುಳ್ಳಿನ ನೆಲದಲ್ಲಿ, ನಾದಿನಿ ಪಾಪಕ್ಕ ಹೊನ್ನಕ್ಕನ ಸೆರಗು ಹಿಡಿದು ಕೂರಿಸಿದಳು.

“ಏನ್ ಕಂಡ್ರೂ ಬಾಯ್ಮುಚ್ಕಂಡಿರು ಅತ್ಗೆ.”

ದುರ್ಗ ಕಂಡಿತು. ಹುಡುಗ ಹಲ್ಲು ಬಿಟ್ಟ. ಮನುಷ್ಯರ ಹೆಜ್ಜೆಯೇ ಬೀಳದ ಬಂಡೆ ಎಂದು ಸಿನಿಮಾದ ದನಿ ಹೇಳಿತು. ಗಂಡ ಕಾಣಲಿ ಎಂದು ಹೊನ್ನಕ್ಕ ಬೇಡಿದಳು, ಕಾಣದಿರಲಿ ಎಂದೂ ಬೇಡಿದಳು. ಮೂಗುಬಂಡೆ ಬಂತು. ಕೆಂಪು ಜಾಕೀಟೊಂದು ಬೆನ್ನು ತೋರಿಸಿಕೊಂಡು ಮೇಲಕ್ಕೆ ಸರಿಯಿತು. ನಮ್ಮ ಧೀರ ಯುವಕ ಎಂದಿತು ದನಿ. ಕೈಯೊಂದು ಬಟ್ಟೆಯ ತುಂಬ ಚಾಚಿ ಬಿರುಕಿನೊಳಗೆ ಬೆರಳು ತೂರಿಸಿತು.

ಮೂರೇ ಬೆರಳು.

ಪಾಪಕ್ಕ ಅವಳ ತೊಡೆ ಹಿಂಡಿದಳು. “ಬಲಗೈ ಅದು. ನಮ್ಮಣ್ಣಂದು ಎಡಗೈ. ಬುಡು, ಅವನಲ್ಲ.”

ಹೊನ್ನಕ್ಕನಿಗೆ ಒಂದು ಗಳಿಗೆ ನೆಮ್ಮದಿಯೇ ಆಯಿತು. ಅವನಲ್ಲದಿದ್ದರೆ ತಾನು ಏನೂ ಮಾಡಬೇಕಾಗಿಲ್ಲ. ಅಷ್ಟರಲ್ಲಿ ಹಾಲುಬಣ್ಣದ ಹುಡುಗ ಬೆಟ್ಟದ ತುದಿಯಲ್ಲಿ ಕೂತು ರೊಟ್ಟಿ ತಿನ್ನತೊಡಗಿದ. ಎಡಗೈಲಿ.

ಹೋದ ಸುಗ್ಗಿಯಲ್ಲಿ ಬೊಂಬಾಯಿಯವರ ಬಿಡಾರಕ್ಕೆ ಸೌದೆ ಹೊತ್ತವಳು ಹೊನ್ನಕ್ಕ. ಆ ಹುಡುಗ ಉಣ್ಣುವುದನ್ನು ಕಣ್ಣಾರೆ ಕಂಡಿದ್ದಳು. ಅವನು ಉಣ್ಣುತ್ತಿದ್ದದ್ದು ಬಲಗೈಲಿ, ಎಲ್ಲರ ಹಾಗೆ.

ಹುಡುಗ ಕೈ ಬದಲಿಸಿರಲಿಲ್ಲ, ಹಿಂದೆ ಕೂತವರಿಗೆ ಪರದೆಯ ಬಟ್ಟೆಯೇ ಬಲವನ್ನು ಎಡ, ಎಡವನ್ನು ಬಲ ಮಾಡಿ ತೋರಿಸುತ್ತಿತ್ತು. ಆ ಬದಿಯಲ್ಲಿ ಕೂತವರು ಈಗಷ್ಟೇ ನೋಡಿದ್ದು ಎಡಗೈ.

ಎದ್ದಳು. ಪಾಪಕ್ಕ ಬಿಗಿಯಾಗಿ ಹಿಡಿದಿದ್ದ ಸೆರಗು ಪರ್ರನೆ ಹರಿಯಿತು. ತಾನೇ ನೆಟ್ಟ ಗಳವನ್ನು ಆತುಕೊಂಡು, ಸುತ್ತಿ, ಮುಂದಕ್ಕೆ ಬಂದಳು. ಬೆಳಕು ಕಣ್ಣಿಗೆ ಬಡಿಯಿತು. ಎದುರಿಗೆ ಕೂತವರ ಒಂದು ಮುಖವೂ ಕಾಣಲಿಲ್ಲ.

“ಯಾವಳೇ ಅವ್ಳು?” ವೃಷಭೇಂದ್ರಪ್ಪನ ದನಿ. “ಹೆಂಗಸ್ರು ಮಕ್ಳು ಕುಂತವ್ರೆ, ಅವ್ರ ಮುಂದೆ ನೆಳ್ಳು ಕೆಡವ್ತೀಯೇನೇ, ಬೋಸುಡಿ? ನಾಳಿಕ್ಕೆ ಗುಡಿಸ್ಲಿರಾಕಿಲ್ಲ ನಿಂಗೆ.”

ಗುಡಿಸಲೆಂಬ ಮಾತು ಕಿವಿಗೆ ಬಿದ್ದದ್ದೇ ಅವಳ ತೊಡೆಯ ಮೇಲೆ ಉಚ್ಚೆ ಬಿಸಿಯಾಗಿ ಇಳಿಯಿತು. ಎಡಗೈ ಎತ್ತಿ ಕೊನೆಯ ಎರಡು ಬೆರಳು ಮಡಿಚಿದಳು. ರೊಟ್ಟಿ ತಿನ್ನುವ ಹುಡುಗನ ಮುಖದ ಮೇಲೆ ಮೂರು ಬೆರಳಿನ ಕರಿ ಕೈ ಆಳೆತ್ತರಕ್ಕೆ ಬಿತ್ತು. ಬಟ್ಟೆಯ ಹಿಂದೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು.

ಮಾತು ಬಂದದ್ದು ಪಿಸುದನಿಯಲ್ಲಿ.

“ಆಗ ಕಂಡ ಕೈ ನನ್ ಗಂಡಂದು. ಅವ್ನು ಕುಡ್ದಿರ್ಲಿಲ್ಲ. ಹಿಂದಕ್ ತಿರುಗ್ಸಿ ಸ್ವಾಮಿ, ಇನ್ನೊಂದ್ಸಲ ತೋರ್ಸಿ.”

“ಲೇ, ಆರ್ಸಲೇ ಮಿಸೀನು!” ವೃಷಭೇಂದ್ರಪ್ಪ ಕಿರುಚಿದ.

ಬೆಳಕು ಹೋಯಿತು. ಬೆಟ್ಟ, ಹುಡುಗ, ಕೈ ಎಲ್ಲ ಒಮ್ಮೆಗೇ ಹೋದವು. ಕುರ್ಚಿಯೊಂದು ದಡಕ್ಕನೆ ಉರುಳಿತು. ಆಮೇಲೆ ಕತ್ತಲಲ್ಲಿ ಹೆಜ್ಜೆಗಳು. ಒಬ್ಬರದಲ್ಲ, ಹಲವರದು, ಅವಳ ಕಡೆಗೇ. ಜಗಲಿಯಿಂದ ಬರುತ್ತಿವೆಯೋ, ಬಟ್ಟೆಯ ಹಿಂದಿನಿಂದಲೋ ತಿಳಿಯಲಿಲ್ಲ. ಎತ್ತಿದ ಕೈ ಅವಳ ಕಣ್ಣಿಗೂ ಕಾಣುತ್ತಿರಲಿಲ್ಲ. ಆದರೂ ಇಳಿಸಲಿಲ್ಲ.